ಕಾಲು ಹೋದ ಮೇಲಿನ ಶೌರ್ಯ

1971ರ ಡಿಸೆಂಬರ್, ಭಾರತ-ಪಾಕ್ ಯುದ್ಧ, ಸಿಲ್ಹೆಟ್. ಗೂರ್ಖಾ ರೈಫಲ್ಸ್‌ನ ಮೇಜರ್ ಇಯಾನ್ ಕಾರ್ಡೋಜೊ ಅವರ ಕಾಲು ನೆಲಬಾಂಬಿಗೆ ಸಿಕ್ಕಿ ಛಿದ್ರವಾಯಿತು. ಮಾರ್ಫಿನ್ ಇರಲಿಲ್ಲ, ಕತ್ತರಿಸುವ ಸಲಕರಣೆಯೂ ಇರಲಿಲ್ಲ. ಖುಕ್ರಿಯಿಂದ ಕಡಿದುಹಾಕು ಎಂದು ಜೊತೆಗಿದ್ದ ಗೂರ್ಖಾ ಯೋಧನಿಗೆ ಹೇಳಿದರು. ಅವನಿಗೆ ಕೈ ಬರಲಿಲ್ಲ. ಕೊನೆಗೆ ತಾವೇ ಕಡಿದುಕೊಂಡರು. ಆಮೇಲೆ ಶಸ್ತ್ರಚಿಕಿತ್ಸೆ ಮಾಡಿದ್ದು ಸೆರೆಸಿಕ್ಕಿದ್ದ ಪಾಕಿಸ್ತಾನಿ ಸರ್ಜನ್.

ಈ ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಕೇಳಿದವರ ಮೈ ಜುಮ್ಮೆನ್ನುತ್ತದೆ, ಚಪ್ಪಾಳೆ ಬೀಳುತ್ತದೆ. ಆದರೆ ಕಾಲಿಲ್ಲದ ಬದುಕು ಆರಂಭವಾಗುವುದೇ ಅಲ್ಲಿಂದ.

ಶೌರ್ಯಪದಕ ಕೊಡಬೇಕಾದರೆ ಒಂದು ದಿನ, ಒಂದು ಜಾಗ, ಕಣ್ಣಾರೆ ಕಂಡವರು ಬೇಕು. ಅದು ಪದಕದ ತಪ್ಪಲ್ಲ, ಅದರ ಸ್ವಭಾವ. ಅಂಗವೈಕಲ್ಯಕ್ಕೆ ಅಂಥ ಒಂದು ದಿನವಿಲ್ಲ; ಅದನ್ನು ದಿನಾ ಬೆಳಗಾದರೆ ಎದುರಿಸಬೇಕು, ಸಾಕ್ಷಿಗಳಿಲ್ಲದೆ. ಹಾಗಾದರೆ ಗಾಯಗೊಂಡ ಸೈನಿಕನನ್ನು ಗೌರವಿಸುವುದೆಂದರೇನು?

ಕಾರ್ಡೋಜೊ ಅವರ ಮುಂದಿನ ದಿನಗಳಲ್ಲಿ ಇದಕ್ಕೊಂದು ಉತ್ತರವಿದೆ. ಮರದ ಕಾಲಿನವನು ಬೆಟಾಲಿಯನ್ ಮುನ್ನಡೆಸಲಾರ ಎಂದು ಸೇನೆ ಹೇಳಿತು. ಅವರು ಒಪ್ಪಲಿಲ್ಲ, ಸೇನಾ ಮುಖ್ಯಸ್ಥ ಜನರಲ್ ಟಿ.ಎನ್. ರೈನಾ ಅವರವರೆಗೂ ಹೋದರು. ರೈನಾ ಲಡಾಖ್‌ಗೆ ಕರೆದೊಯ್ದು, ಅವರು ಹಿಮದ ಬೆಟ್ಟಗಳಲ್ಲಿ ನಡೆಯುವುದನ್ನು ಕಂಡು ಒಪ್ಪಿಗೆ ಕೊಟ್ಟರು. ರೈನಾ ಎರಡನೇ ಮಹಾಯುದ್ಧದಲ್ಲಿ ತಾವೇ ಒಂದು ಕಣ್ಣು ಕಳೆದುಕೊಂಡಿದ್ದ ದಂಡನಾಯಕ. ಕಾರ್ಡೋಜೊ ಬೆಟಾಲಿಯನ್ ನಡೆಸಿದರು, ಬ್ರಿಗೇಡ್ ನಡೆಸಿದರು, ಮೇಜರ್ ಜನರಲ್ ಆದರು. ರೈನಾ ಕಾರ್ಡೋಜೊ ಅವರಿಗೆ ಹಾರ ಹಾಕಲಿಲ್ಲ, ಹೊಣೆ ಕೊಟ್ಟರು. ಹಾರಕ್ಕಿಂತ ಅದು ದೊಡ್ಡದು.

ಆದರೂ ಈ ಉತ್ತರ ಸಾಲದು. ಹಾಗಾದರೆ ಬೆಟ್ಟ ಹತ್ತಲಾಗದವರ ಪಾಡೇನು? 1965ರ ಯುದ್ಧದಲ್ಲಿ ಗುಂಡೇಟು ತಿಂದು ನಡೆಯುವ ಶಕ್ತಿ ಕಳೆದುಕೊಂಡ ಮುರಳೀಕಾಂತ್ ಪೇಟ್ಕರ್ 1972ರಲ್ಲಿ ಹೈಡೆಲ್‌ಬರ್ಗ್‌ನ ಪ್ಯಾರಾಲಿಂಪಿಕ್ಸ್ ಈಜಿನಲ್ಲಿ ಭಾರತಕ್ಕೆ ಚಿನ್ನ ತಂದರು. ಅಷ್ಟು ಸಾಧಿಸಿದವರಿಗೂ ಪದ್ಮಶ್ರೀ ಬಂದದ್ದು 2018ರಲ್ಲಿ, 46 ವರ್ಷಗಳ ಮೇಲೆ. ಪುಣೆಯ ಖಡಕಿಯಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರ ಪುನರ್ವಸತಿ ಕೇಂದ್ರವಿದೆ. ಅಲ್ಲಿ ಗಾಲಿಕುರ್ಚಿಯಲ್ಲಿ ದಿನ ಕಳೆಯುವ ಯೋಧ ಯಾವ ಚಿನ್ನವನ್ನೂ ತರಬೇಕಾಗಿಲ್ಲ. ಒಮ್ಮೆ ಮೈಯನ್ನೇ ಒಡ್ಡಿದವನನ್ನು ಮತ್ತೆ ಮತ್ತೆ ಪರೀಕ್ಷೆಗೆ ನಿಲ್ಲಿಸುವುದು ಗೌರವವಲ್ಲ, ಅಪನಂಬಿಕೆ.

ಈ ಅಪನಂಬಿಕೆ ಕಡತಗಳಲ್ಲೂ ಇದೆ. ಅಪಸ್ಮಾರದ ಕಾರಣಕ್ಕೆ ಸೇವೆಯಿಂದ ಬಿಡುಗಡೆಯಾದ ಧರ್ಮವೀರ್ ಸಿಂಗ್ ಎಂಬ ಸೈನಿಕರಿಗೆ, ಕಾಯಿಲೆ ಸೇವೆಯಿಂದ ಬಂದದ್ದಲ್ಲವೆಂದು ಅಂಗವೈಕಲ್ಯ ಪಿಂಚಣಿ ನಿರಾಕರಿಸಲಾಗಿತ್ತು. 2013ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪಿತ್ತಿತು. ಸೇರುವಾಗ ಕಾಯಿಲೆ ದಾಖಲಾಗಿರದಿದ್ದರೆ ಆತ ಆರೋಗ್ಯವಂತನಾಗಿದ್ದನೆಂದೇ ತಿಳಿಯಬೇಕು; ಅಲ್ಲವೆಂದು ತೋರಿಸುವ ಹೊರೆ ಸೈನಿಕನದಲ್ಲ, ಸರ್ಕಾರದ್ದು ಎಂದಿತು. ಶೌರ್ಯದ ಭಾಷಣಗಳಲ್ಲಿ ಸಿಗದ ಗೌರವ ಈ ಒಂದು ಮಾತಿನಲ್ಲಿದೆ.

ಯೋಧನೊಬ್ಬನ ಪಿಂಚಣಿಯ ವಿರುದ್ಧ ಮೇಲ್ಮನವಿಗೆ ಸಹಿ ಹಾಕುವ ಅಧಿಕಾರಿ ಮೊದಲು ಆ ತೀರ್ಪನ್ನು ಓದಲಿ.