ಹಣೆಬರಹವೂ ಏಣಿಯ ಮೆಟ್ಟಿಲೂ

ಬಾಗಲಕೋಟೆ ಜಿಲ್ಲೆಯ ಕಮತಗಿ ಸುತ್ತಿನ ರಸ್ತೆಗಳಲ್ಲಿ ಇಳಕಲ್ಲಿನ ಕೆಂಪು ಗ್ರಾನೈಟ್ ಹೊತ್ತ ಲಾರಿಗಳು ವರ್ಷವಿಡೀ ಓಡಾಡುತ್ತವೆ. ಚಳಿಗಾಲ ಬಂದರೆ ಕಬ್ಬಿನ ಟ್ರ್ಯಾಕ್ಟರುಗಳದೇ ಸಾಲು. ಕಬ್ಬು ಹೇರುವಾಗ ಟ್ರೇಲರಿಗೆ ಏಣಿ ಒರಗಿಸಿ, ತಲೆಯ ಮೇಲೆ ಹೊರೆ ಹೊತ್ತು ಆಳುಗಳು ಒಬ್ಬರ ಹಿಂದೊಬ್ಬರು ಹತ್ತುತ್ತಾರೆ. ಹೊರೆ ಹಿಡಿದ ಕೈಗೆ ಏಣಿ ಹಿಡಿಯಲಾಗದು. ಕಾಲಡಿ ರವದಿ ಜಾರುತ್ತದೆ. ಯಾರಾದರೂ ಬಿದ್ದರೆ ಕೇಳಿಬರುವುದು ಒಂದೇ ಮಾತು: ‘ಅವನ ಹಣೆಬರಹ.’

ಗಾಯಾಳುವಿನ ಹೆಂಡತಿ ಹಾಗೆಂದರೆ ಅದು ದುಃಖ ನುಂಗುವ ದಾರಿ. ಏಣಿಯನ್ನು ಬಿಗಿಯಾಗಿ ಕಟ್ಟಿಸದ ಮಾಲೀಕ ಅದನ್ನೇ ಹೇಳಿದರೆ ಒಪ್ಪುವುದು ಹೇಗೆ?

ಮೂರು ಮೀಟರ್ ಎತ್ತರದಿಂದ ಜಾರಿದ ದೇಹ ಒಂದು ಸೆಕೆಂಡೂ ತುಂಬುವ ಮೊದಲೇ, ಗಂಟೆಗೆ ಸುಮಾರು 27 ಕಿ.ಮೀ. ವೇಗದಲ್ಲಿ ನೆಲಕ್ಕೆ ಅಪ್ಪಳಿಸುತ್ತದೆ. ಅಷ್ಟರೊಳಗೆ ಯಾವ ಎಚ್ಚರವೂ ಕೆಲಸಕ್ಕೆ ಬಾರದು. ಕಾಪಾಡುವುದೇನಿದ್ದರೂ ಮೊದಲೇ ಕಟ್ಟಿಟ್ಟ ಹಗ್ಗ, ಬಿಗಿದ ಮೆಟ್ಟಿಲು, ಅಂಚಿನ ತಡೆ.

ದೈವ ದೊಡ್ಡದೋ ಪುರುಷಪ್ರಯತ್ನ ದೊಡ್ಡದೋ ಎಂದು ಮಹಾಭಾರತದ ಅನುಶಾಸನ ಪರ್ವದಲ್ಲಿ ಧರ್ಮರಾಯ ಭೀಷ್ಮನನ್ನು ಕೇಳುತ್ತಾನೆ. ಪ್ರಯತ್ನವೆಂಬ ಹೊಲವಿಲ್ಲದೆ ದೈವವೆಂಬ ಬೀಜ ಮೊಳೆಯದು ಎಂಬ ಅರ್ಥದ ಉತ್ತರ ಸಿಗುತ್ತದೆ. ಯೋಗವಾಸಿಷ್ಠ ಇನ್ನೂ ಮುಂದೆ ಹೋಗಿ, ದೈವವೆಂದರೆ ಹಿಂದೆ ಮಾಡಿದ ಪ್ರಯತ್ನದ ಫಲವೇ ಎನ್ನುತ್ತದೆ. ಆದರೆ ಅಲ್ಲಿ ಮಾಡಿದವನೂ ಉಣ್ಣುವವನೂ ಒಬ್ಬನೇ. ಕಬ್ಬಿನ ಹೊಲದಲ್ಲಿ ಏಣಿಯ ಮೊಳೆ ಬಿಗಿಯದೆ ಬಿಟ್ಟವನು ಒಬ್ಬ, ಸೊಂಟ ಮುರಿದುಕೊಂಡವನು ಇನ್ನೊಬ್ಬ. ಇಂಥಲ್ಲಿ ಕರ್ಮದ ಲೆಕ್ಕ ಹೇಳುವುದು ಬಿದ್ದವನಿಗೆ ಮಾಡುವ ಎರಡನೆಯ ಅನ್ಯಾಯ.

ಈ ಅನ್ಯಾಯಕ್ಕೆ ಉತ್ತರ ಇದೇ ಜಿಲ್ಲೆಯಲ್ಲಿದೆ. ಕೃಷ್ಣೆ–ಮಲಪ್ರಭೆ ಸೇರುವ ಕೂಡಲಸಂಗಮದಲ್ಲಿ ಬೆಳೆದು, ಅಲ್ಲೇ ಐಕ್ಯನಾದ ಬಸವಣ್ಣ 12ನೇ ಶತಮಾನದಲ್ಲಿ ಬಡವನ ದೇಹವನ್ನೇ ಗುಡಿಯೆಂದು ಕಂಡ. ಶರಣರು ಕಾಯಕವನ್ನು ಪೂಜೆಯ ಮಟ್ಟಕ್ಕೆ ಏರಿಸಿದರು. ಕಾಯಕದ ಹೆಸರು ಹೇಳಿ ದುಡಿಸಿಕೊಳ್ಳುವುದು ಎಲ್ಲರಿಗೂ ಬರುತ್ತದೆ. ದುಡಿಯುವ ಮೈ ಗುಡಿಯೆಂಬುದನ್ನು ನಂಬಿದರೆ ಅದನ್ನು ಬೀಳದಂತೆ ಕಾಯುವ ಹೊಣೆ ದುಡಿಸುವವನ ಮೇಲೂ ಬರುತ್ತದೆ.

ಕಾಯುವ ಹೊಣೆ ಹೇಗಿರಬೇಕೆಂಬುದಕ್ಕೆ ದೇವರ ತೇರನ್ನೇ ನೋಡಬಹುದು. ಬಾದಾಮಿ ಬನಶಂಕರಿಯ ತೇರಿರಲಿ, ಊರ ತೇರಿರಲಿ, ಎಳೆಯುವ ಮೊದಲು ಗಾಲಿ, ಅಚ್ಚು, ಮಿಣಿ ನೋಡುತ್ತಾರೆ. ಗಾಲಿಗೆ ಸನ್ನೆ ಕೊಡಲು ಪಳಗಿದವರೇ ನಿಲ್ಲುತ್ತಾರೆ. ದೇವರೇ ಕೂತಿದ್ದಾನೆ, ಸನ್ನೆ ಯಾಕೆ ಎಂದು ಯಾವ ಭಕ್ತನೂ ಕೇಳುವುದಿಲ್ಲ. 2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ಗುರುಬಸವೇಶ್ವರನ ತೇರು ಉರುಳಿದಾಗ ಹಣೆಬರಹವೆಂದು ಕೂರದೆ ಹೊಸ ತೇರು ಮಾಡಿಸಲಾಯಿತು. ಆನೇಕಲ್ ತಾಲ್ಲೂಕಿನ ಹುಸ್ಕೂರು ಮದ್ದೂರಮ್ಮನ ಜಾತ್ರೆಯಲ್ಲಿ 2024ರಲ್ಲಿ ಎತ್ತರದ ತೇರು ಬಿತ್ತು, ಜೀವ ಹೋಗಲಿಲ್ಲ. 2025ರ ಮಾರ್ಚ್‌ನಲ್ಲಿ ಮತ್ತೆ ಬಿದ್ದಾಗ ಜೀವ ಹೋಯಿತು. ಮೊದಲ ಸಲ ಪಾರಾದದ್ದು ದೇವರ ಕೃಪೆ ಎನ್ನುವುದಾದರೆ, ಆ ಕೃಪೆ ಒಂದು ವರ್ಷದ ಸಮಯವನ್ನೂ ಕೊಟ್ಟಿತ್ತು.

ಕಬ್ಬಿನ ಏಣಿಗೂ ಅಂಥ ಸಮಯವಿದೆ: ಹಂಗಾಮಿಗೆ ಮುಂಚೆ ಖಂಡೆ ಪೂಜೆ (ಆಯುಧಪೂಜೆ) ಬರುತ್ತದೆ. ಟ್ರ್ಯಾಕ್ಟರ್ ತೊಳೆದು, ಕುಂಕುಮ ಹಚ್ಚಿ, ಗಾಲಿಗೆ ನಿಂಬೆಹಣ್ಣು ಇಡುತ್ತಾರೆ. ಅಂದೇ ಏಣಿಯನ್ನೂ ಅಂಗಳಕ್ಕೆ ತಂದು, ಸಡಿಲ ಮೆಟ್ಟಿಲು ತೆಗೆದು ಹೊಸದು ಬಡಿದು, ತುದಿಗೆ ಕಬ್ಬಿಣದ ಕೊಕ್ಕೆ ಹಾಕಿಸಿದರೆ ಅದು ಟ್ರೇಲರಿಗೆ ಕಚ್ಚಿ ನಿಲ್ಲುತ್ತದೆ. ಊರಿನ ಕಮ್ಮಾರನಿಗೆ ಅದು ಅರ್ಧ ದಿನದ ಕೆಲಸ.