ಪಂಕ್ತಿಯೂ ಇಷ್ಟಕಾಲಭೋಜನವೂ

ಭೋಜನಕ್ಕೆ ನಿಯತಕಾಲವು ಬೇಕೋ, ಹಸಿದಾಗ ಉಣ್ಣುವುದೇ ಲೇಸೋ ಎಂಬುದು ಅಲ್ಪವಿಷಯವೆಂದು ತೋರಬಹುದು. ಆದರೆ ಇದರಲ್ಲಿ ಧರ್ಮಸೂಕ್ಷ್ಮವೊಂದು ಅಡಗಿರುವುದು.

ಗುಲ್ವಾಡಿಯೇ ಮೊದಲಾದ ಕುಂದಾಪುರ ಸೀಮೆಯ ಊರುಗಳ ಸಮಾರಾಧನೆಗಳಲ್ಲಿ ಎಲ್ಲರ ಎಲೆಗೂ ಬಡಿಸಿ ಮುಗಿಯುವ ತನಕ ತುತ್ತೆತ್ತಲಾಗದು. ನೆರೆಯವನ ಊಟವು ಮುಗಿಯದೆ ಏಳುವುದೂ ಸಲ್ಲದು. ಒಬ್ಬರಿಗಾಗಿ ಒಬ್ಬರು ಕಾಯುವುದೇ ಪಂಕ್ತಿಯ ಗುಣ. ಜಾತಿಯ ನೆವದಿಂದ ಹಲವರನ್ನು ಹೊರಗಿಟ್ಟುದೂ, ಸ್ತ್ರೀಯರನ್ನು ಕಡೆಯ ಪಂಕ್ತಿಗೆ ತಳ್ಳಿದುದೂ ಅದರ ಮಹಾದೋಷ.

ಇದೇ ಕರಾವಳಿಯವರು ಪರಸ್ಥಳಗಳಲ್ಲಿ ಹೋಟೆಲುಗಳನ್ನು ತೆರೆದರು. ಸಾಲಿಗ್ರಾಮದ ಬಳಿಯ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದುದು ಮುಂದೆ ಎಂ.ಟಿ.ಆರ್. ಎಂದು ಪ್ರಸಿದ್ಧವಾಯಿತು. ಇಂತಹ ಹೋಟೆಲುಗಳಿಂದ, ಬಂದಾಗ ಕುಳಿತು ಉಂಡೊಡನೆ ಏಳುವ ಪದ್ಧತಿಯು ಜನರಿಗೆ ರೂಢಿಯಾಯಿತು, ಮನೆಗಳಿಗೂ ಹಬ್ಬಿತು.

ಉಣ್ಣುವವನಿಗೆ ಇದು ಸ್ವಾತಂತ್ರ್ಯವೇ ಸರಿ. ಆದರೆ ಹತ್ತು ಮಂದಿ ಹತ್ತು ಹೊತ್ತಿಗೆ ಉಂಡರೆ ಅಡುವವರ ಊಟಕ್ಕೆ ಹೊತ್ತೆಲ್ಲಿ? ಒಬ್ಬನ ಸ್ವಾತಂತ್ರ್ಯವು ಮತ್ತೊಬ್ಬರಿಗೆ ಆರದ ಒಲೆಯಾಗುವುದು. ಶಿಶುವಿಗೂ ರೋಗಿಗೂ ದುಡಿದು ತಡವಾಗಿ ಬಂದವನಿಗೂ ಕಾಲನಿಯಮವು ಬೇಡ. ಉಳಿದವರು ಸ್ವಲ್ಪ ಕಾದರೆ ಕುಂದೇನು? ಯಾರನ್ನೂ ಹೊರಗಿಡದ, ಅಟ್ಟವರಿಗೂ ಜೊತೆಯಲ್ಲಿಯೇ ಎಲೆ ಹಾಕುವ ಪಂಕ್ತಿಯೇ ಧರ್ಮಸಮ್ಮತವಾದುದು.