ಗೂಡು ಕೊಟ್ಟವರ ಹೊಣೆ

ಆಶ್ರಯ ಕೊಡುವುದು ಪುಣ್ಯದ ಕೆಲಸ ಎಂದು ಕೇಳಿಕೊಂಡೇ ಬೆಳೆದವರು ನಾವು. ಆದರೆ ಒಬ್ಬರಿಗೆ ಕೊಟ್ಟ ಆಶ್ರಯವನ್ನು ಉಳಿಸಲು ಇನ್ನೊಬ್ಬರನ್ನು ಹೊರದೂಡಬೇಕಾಗಿ ಬಂದಾಗ ಆ ಪುಣ್ಯದ ಲೆಕ್ಕ ಏನಾಗುತ್ತದೆ ಎಂಬುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಈ ಪ್ರಶ್ನೆ ನನಗೆ ಎದುರಾದದ್ದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಮಗಳ ಮನೆಯ ಪಕ್ಕದ ಹಿತ್ತಿಲಿನಲ್ಲಿ.

ಆ ಹಿತ್ತಿಲಿನ ಯಜಮಾನರು ಎಂಬತ್ತರ ಆಸುಪಾಸಿನ ವೃದ್ಧರು. ಮರಗಳಿಂದ ದೂರ, ಬಯಲಾದ ಜಾಗದಲ್ಲಿ 15 ಅಡಿಯ ಕಂಬ ನೆಟ್ಟು, ಅದರ ತುದಿಯಲ್ಲಿ ಬಿಳಿಯ 12 ಬುರುಡೆಗಳನ್ನು ತೂಗುಹಾಕಿದ್ದಾರೆ. ಪ್ಲಾಸ್ಟಿಕ್ಕಿನವೇ, ಆದರೆ ಆಕಾರ ಮಾತ್ರ ಸೋರೆಬುರುಡೆಯದು. ಇವು ಪರ್ಪಲ್ ಮಾರ್ಟಿನ್ ಎಂಬ ಹಕ್ಕಿಯ ಮನೆಗಳು. ನಮ್ಮ ಕವಲುತೋಕೆಯ ಬಳಗಕ್ಕೆ ಸೇರಿದ ಹಕ್ಕಿ ಅದು. ಉತ್ತರ ಅಮೆರಿಕದಲ್ಲಿ ಆ ಬಳಗದವುಗಳಲ್ಲೆಲ್ಲ ದೊಡ್ಡದು. ಗಂಡಿನ ಮೈಬಣ್ಣ ನೇರಳೆಹಣ್ಣಿನ ಮೇಲೆ ಬಿಸಿಲು ಬಿದ್ದಂತೆ. ಚಳಿಗಾಲವನ್ನು ಬ್ರೆಜಿಲ್ ಕಡೆ ಕಳೆದು, ವಸಂತದಲ್ಲಿ ಸಾವಿರಾರು ಮೈಲಿ ಹಾರಿ, ಬಹುಮಟ್ಟಿಗೆ ಹಿಂದಿನ ವರ್ಷ ಮರಿ ಮಾಡಿದ ಜಾಗಕ್ಕೇ ಬಂದಿಳಿಯುತ್ತದೆ.

ಯುರೋಪಿನವರು ಬರುವುದಕ್ಕೆ ಮುಂಚೆಯೇ ಚಾಕ್ಟಾ, ಚಿಕಸಾ ಮೊದಲಾದ ಮೂಲನಿವಾಸಿಗಳು ಒಣಗಿದ ಸೋರೆಬುರುಡೆಗೆ ತೂತು ಕೊರೆದು ಗುಡಿಸಲ ಬಳಿ ತೂಗುಹಾಕುತ್ತಿದ್ದರಂತೆ. ನಮ್ಮ ಏಕತಾರಿಗೆ ಬಳಸುವ ಅದೇ ಸೋರೆ. ಆಮೇಲೆ ಬಂದವರು ಮರದ ಮನೆ, ಅಲ್ಯೂಮಿನಿಯಂ ಮನೆ ಕಟ್ಟಿದರು. ಹೀಗೆ ತಲೆತಲಾಂತರ ನಡೆದು, ಇಂದು ರಾಕಿ ಪರ್ವತಗಳ ಪೂರ್ವಕ್ಕೆ ಈ ಹಕ್ಕಿ ಮನುಷ್ಯ ಕೊಟ್ಟ ಗೂಡಿನಲ್ಲಲ್ಲದೆ ಬೇರೆಡೆ ಮರಿ ಮಾಡುವುದು ಇಲ್ಲವೆನ್ನುವಷ್ಟು ಅಪರೂಪ. ಪಶ್ಚಿಮದಲ್ಲಿ ಇನ್ನೂ ಮರದ ಪೊಟರೆಗಳಲ್ಲಿ, ಅರಿಜೋನಾದ ಮರುಭೂಮಿಯಲ್ಲಿ ದೊಡ್ಡ ಕಳ್ಳಿಗಿಡದ ತೂತುಗಳಲ್ಲಿ ಅದು ತನ್ನ ಪಾಡಿಗೆ ತಾನು ಬದುಕಿದೆ. ಪೂರ್ವದ ಹಕ್ಕಿಗೆ ಆ ದಾರಿ ಮರೆತೇಹೋಗಿದೆ.

ಮೇ ತಿಂಗಳ ಒಂದು ಬೆಳಿಗ್ಗೆ ವೃದ್ಧರು ಬಾವಿಯ ರಾಟೆಯಂಥದೊಂದನ್ನು ತಿರುಗಿಸಿ ಬುರುಡೆಗಳನ್ನು ಕೆಳಗಿಳಿಸಿದರು. ವಾರಕ್ಕೊಮ್ಮೆ ಒಳಗೆ ಇಣುಕಿ ಮೊಟ್ಟೆ ಎಣಿಸಿ ಬರೆದಿಡುವುದು ಅವರ ಪದ್ಧತಿ. ಮಾರ್ಟಿನ್ ಮೊಟ್ಟೆ ಅಚ್ಚ ಬಿಳುಪು. ಒಂದು ಬುರುಡೆಯಲ್ಲಿ ಮಾತ್ರ ಒಣಹುಲ್ಲು, ಪುಕ್ಕ ತುರುಕಿದ ಗೂಡಿನೊಳಗೆ ಚುಕ್ಕೆಚುಕ್ಕೆಯ ಐದು ಮೊಟ್ಟೆಗಳಿದ್ದವು. ಗುಬ್ಬಿಯವು. ಅವರು ಜೇಬಿನಿಂದ ಸೂಜಿ ತೆಗೆದು ಒಂದೊಂದನ್ನೂ ಚುಚ್ಚಿ ಮತ್ತೆ ಅಲ್ಲೇ ಇಟ್ಟರು. ಕಿತ್ತೆಸೆಯಬಹುದಿತ್ತಲ್ಲ ಎಂದೆ. ಕಿತ್ತರೆ ಗಂಡುಗುಬ್ಬಿ ರೇಗಿ ಪಕ್ಕದ ಬುರುಡೆಗಳಿಗೆ ನುಗ್ಗುತ್ತದೆ, ಮಾರ್ಟಿನ್ ಮೊಟ್ಟೆಗಳನ್ನು ಕುಕ್ಕಿ ಒಡೆಯುತ್ತದೆ, ಮರಿಗಳಿದ್ದರೆ ಕೊಲ್ಲುತ್ತದೆ ಎಂದರು. ಚುಚ್ಚಿಟ್ಟರೆ ಹೆಣ್ಣು ಆ ಸತ್ತ ಮೊಟ್ಟೆಗಳ ಮೇಲೆ ಕಾವು ಕೂತಿರುತ್ತದೆ. ಅಷ್ಟರಲ್ಲಿ ಪಕ್ಕದವರಿಗೆ ಉಸಿರಾಡಲು ಬಿಡುವು ಸಿಗುತ್ತದೆ.

ಕನ್ನಡದಲ್ಲಿ ಬೆಳೆದವನಿಗೆ ಇದನ್ನು ನೋಡುವುದು ಸುಲಭವಲ್ಲ. ಸಗಣಿ ಮನೆ ಮಳೆಗೆ ಕೊಚ್ಚಿಹೋದ ಕಾಗಕ್ಕ ಬಾಗಿಲು ತಟ್ಟಿದ್ದು ಗುಬ್ಬಕ್ಕನ ಮನೆಯದನ್ನಲ್ಲವೇ? ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎಂದು ಗಾದೆ ಕಟ್ಟಿದವರಿಗೂ ಗುಬ್ಬಿಯ ಬಗ್ಗೆ ಮರುಕವಿತ್ತು. 2010ರಿಂದ ಮಾರ್ಚ್ 20ನ್ನು ಗುಬ್ಬಿಯ ದಿನವೆಂದು ಆಚರಿಸುತ್ತ, ಬೆಂಗಳೂರಿನ ಜನ ಮರದ ಪೆಟ್ಟಿಗೆ ತೂಗುಹಾಕಿ ಅದು ಬಂದೀತೇ ಎಂದು ಕಾಯುತ್ತಾರೆ. ಅಮೆರಿಕದಲ್ಲಿ ಅದೇ ಗುಬ್ಬಿ ಹೊರಗಿನದು. ಅದನ್ನು ಇಂಗ್ಲೆಂಡಿನಿಂದ ತಂದು 1850ರ ದಶಕದಲ್ಲಿ ಬ್ರೂಕ್ಲಿನ್‌ನಲ್ಲಿ ಬಿಟ್ಟವರೂ ಮನುಷ್ಯರೇ. 1918ರ ವಲಸೆ ಹಕ್ಕಿಗಳ ಕಾಯಿದೆ ಮಾರ್ಟಿನ್‌ಗೆ ರಕ್ಷೆ. ಗುಬ್ಬಿ ಅದರ ಹೊರಗೆ. ಆದರೆ ಕಾಯಿದೆ ಇದೆ ಎಂದ ಮಾತ್ರಕ್ಕೆ ಸೂಜಿ ಹಿಡಿದ ಕೈಗೆ ಸಮಾಧಾನ ಸಿಗುವುದಿಲ್ಲ.

ಉಪಯೋಗದ ವಾದವೂ ಇಲ್ಲಿ ನಿಲ್ಲುವುದಿಲ್ಲ. ಒಂದು ಮಾರ್ಟಿನ್ ದಿನಕ್ಕೆ 2000 ಸೊಳ್ಳೆ ತಿನ್ನುತ್ತದೆ ಎಂಬ ಮಾತು 1960ರ ದಶಕದಲ್ಲಿ ಅಲ್ಯೂಮಿನಿಯಂ ಮನೆಗಳ ಮಾರಾಟದ ಜೊತೆಗೇ ಹಬ್ಬಿತು. ಅದು ಸುಳ್ಳು. ಹಗಲಿನಲ್ಲಿ ಎತ್ತರದಲ್ಲಿ ಹಾರುವ ಕೀಟ ಹಿಡಿಯುವ ಹಕ್ಕಿಗೆ ಸೊಳ್ಳೆ ಸಿಗುವುದೇ ಕಡಿಮೆ. ಸೊಳ್ಳೆ ತಿನ್ನುವ ಕೊಡತಿಹುಳುವನ್ನೇ ಅದು ತಿನ್ನುತ್ತದೆ! ಸುಳ್ಳು ಬಯಲಾದರೂ ಮನೆ ತೂಗುಹಾಕುವವರು ನಿಲ್ಲಿಸಲಿಲ್ಲ ಎಂಬುದು ಮಾತ್ರ ನನಗೆ ಬಹಳ ಹಿಡಿಸಿತು. 1972ರ ಜೂನ್‌ನಲ್ಲಿ ಆಗ್ನೆಸ್ ಚಂಡಮಾರುತದ ಮಳೆ ದಿನಗಟ್ಟಲೆ ಸುರಿದು, ಕೀಟಗಳು ಹಾರದೆ, ಪೆನ್ಸಿಲ್ವೇನಿಯಾ ಕಡೆ ಈ ಹಕ್ಕಿಗಳು ಹಸಿವಿನಿಂದ ರಾಶಿರಾಶಿ ಸತ್ತವು. ಈಗ ಅಂಥ ಥಂಡಿ ಹಿಡಿದಾಗ ಹಕ್ಕಿ ಸಾಕುವವರು ಅಂಗಡಿಯ ಕೀಟಗಳನ್ನು ಚಮಚದಿಂದ ಗಾಳಿಗೆ ಚಿಮ್ಮಿಸಿ ಉಣಿಸುತ್ತಾರೆ. ಯಾವ ಲಾಭಕ್ಕೆ?

ಹಾಗಾದರೆ ಗುಬ್ಬಿಯ ಮೊಟ್ಟೆ ಚುಚ್ಚಿದ್ದು ಸರಿಯೇ? ಸರಿಯೆಂದೇ ನನ್ನ ತೀರ್ಮಾನ, ಕಹಿಯಾದರೂ. ಕಂಬ ನೆಟ್ಟು ಗೂಡು ತೂಗುಹಾಕಿದ ಮರುಕ್ಷಣ ನಾವು ಪಕ್ಷ ವಹಿಸಿ ಆಗಿದೆ. ಆಮೇಲೆ ‘ಪ್ರಕೃತಿ ನೋಡಿಕೊಳ್ಳಲಿ’ ಎಂದು ಒಳಗೆ ಹೋಗಿ ಕೂತರೆ, ನಾವೇ ಕರೆದ ಹಕ್ಕಿಯನ್ನು ನಾವೇ ತಂದ ಹಕ್ಕಿಯ ಕೊಕ್ಕಿಗೆ ಒಪ್ಪಿಸಿದಂತೆ. ಆ ಬಡಾವಣೆಯಲ್ಲೇ ಇನ್ನೊಂದು ಮನೆಯ ಮುಂದೆ ಬಣ್ಣ ಮಾಸಿದ, ವರ್ಷಗಳಿಂದ ಕೆಳಗಿಳಿಸದ ಅಲ್ಯೂಮಿನಿಯಂ ಗೂಡೊಂದಿದೆ. ಅದರ ಯಜಮಾನರ ಕೈಗೆ ಸೂಜಿ ತಗುಲಿಲ್ಲ. ಅದರ ತುಂಬ ಗುಬ್ಬಿಗಳು. ವರ್ಷವರ್ಷವೂ ಅಲ್ಲಿಂದ ಹೊರಬಿದ್ದ ಗುಬ್ಬಿಗಳು ಸುತ್ತಲ ಗೂಡುಗಳಿಗೆ ಹರಡುತ್ತವೆ. ಕೈ ತೊಳೆದುಕೊಂಡವರ ಅಹಿಂಸೆ ಅದು.

ಚುಚ್ಚುವುದಕ್ಕಿಂತ ವಾಸಿಯಾದದ್ದೊಂದಿದೆ, ಅದಕ್ಕೆ ದುಡಿಮೆ ಬೇಕು. ಗುಬ್ಬಿ ಮೊದಲ ಹುಲ್ಲುಕಡ್ಡಿ ತಂದ ದಿನವೇ ತೆಗೆಯಬೇಕು, ಮರುದಿನ ಮತ್ತೆ ತೆಗೆಯಬೇಕು. ಮಾರ್ಟಿನ್ ಬರುವ ತನಕ ತೂತುಗಳನ್ನು ಮುಚ್ಚಿಡಬೇಕು. ಮೊಟ್ಟೆಯೇ ಆಗದಿದ್ದರೆ ಸೂಜಿಯೂ ಬೇಡ. ವೃದ್ಧರು ಮೊದಲು ಹಾಗೆಯೇ ಮಾಡುತ್ತಿದ್ದರಂತೆ, ದಿನಕ್ಕೆ ಎರಡು ಸಲ. ಮಂಡಿಯ ಶಸ್ತ್ರಚಿಕಿತ್ಸೆಯಾದ ಮೇಲೆ ವಾರಕ್ಕೊಂದು ಸಲ.

ಮುಂದೇನು ಎಂಬುದೇ ಅವರ ಚಿಂತೆ. ಅವರ ಮಕ್ಕಳು ದೂರದ ಊರುಗಳಲ್ಲಿದ್ದಾರೆ. ನಾನು ಹೊರಡುವ ವಾರ ನನ್ನ ಅಳಿಯನನ್ನು ಕರೆದು ರಾಟೆ ತಿರುಗಿಸುವುದನ್ನು ತೋರಿಸಿದರು, ಲೆಕ್ಕದ ಪುಸ್ತಕವನ್ನೂ ತೋರಿಸಿದರು. ಅಳಿಯ ಕಲಿತ. ಸೂಜಿಯ ವಿಷಯ ಬಂದಾಗ ಮಾತ್ರ, ಯೋಚಿಸಿ ಹೇಳುತ್ತೇನೆ ಎಂದ.